ನಿಮಗಿದು ಗೊತ್ತೇ? ಕಂಪ್ಯೂಟರಿನ ಕಣ್ಣಿಗೆ ತೊಲೆ ಬರೀ ಗೆರೆ

● ರಚನೆಯನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರಿನಲ್ಲಿ ಬೀಮ್ ಎಂದರೆ ಎರಡು ಬಿಂದುಗಳ ನಡುವಿನ ಗೆರೆ, ಅಷ್ಟೇ. ಅದು ಮೆಟ್ರೊ ತೊಲೆಯೋ ಬಿದಿರುಗಳವೋ ಎಂಬುದು ನಾವು ತುಂಬುವ ಅಡ್ಡಛೇದದ ಅಂಕಿಗಳಿಂದ ಮತ್ತು ವಸ್ತುವಿನ ಗುಣದಿಂದ ಮಾತ್ರ ಅದಕ್ಕೆ ತಿಳಿಯುತ್ತದೆ. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ರೇ ಕ್ಲಫ್, 1960ರಲ್ಲಿ.

● ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ 30×40 ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಒಂಬತ್ತು ಇಂಚು–ಹದಿನೆಂಟು ಇಂಚಿನ ಬೀಮು ಗೊತ್ತು. ನಕ್ಷೆಯಲ್ಲಿ ಅದು 230×450 ಮಿ.ಮೀ. ‘ಸ್ಟಾಡ್’ ಸಾಫ್ಟ್‌ವೇರಿಗೆ ಇದನ್ನು ಮೀಟರಿನಲ್ಲಿ ಕೊಡುವಾಗ ವೈಡಿ (ಎತ್ತರ) 0.45, ಝೆಡ್‌ಡಿ (ಅಗಲ) 0.23 ಎಂದು ಬರೆಯಬೇಕು. ಎರಡೂ ಅದಲುಬದಲಾದರೆ ಎದ್ದು ನಿಂತಿರಬೇಕಾದ ಬೀಮು ಮಲಗಿಬಿಡುತ್ತದೆ, ಬಾಗುವಿಕೆಗೆ ಒಡ್ಡುವ ಬಿಗಿತ ಸುಮಾರು 3.8 ಪಟ್ಟು ಇಳಿಯುತ್ತದೆ. ಸಾಫ್ಟ್‌ವೇರ್ ತಕರಾರೆತ್ತುವುದಿಲ್ಲ. ತೂಕವೂ ಬದಲಾಗುವುದಿಲ್ಲವಾದ್ದರಿಂದ ಒಟ್ಟು ಭಾರದ ಲೆಕ್ಕ ತಾಳೆ ನೋಡಿದವರಿಗೂ ಈ ತಪ್ಪು ಸಿಗದು. ಚಾಲಾಕಿ ತಪ್ಪು!

● ಇನ್ನೊಂದು ಗೊಂದಲ. ಉಕ್ಕಿನ ತೊಲೆಯ ಬಲವಾದ ಅಕ್ಷಕ್ಕೆ 1964ರ ಭಾರತೀಯ ಮಾನಕ ಕೈಪಿಡಿ ಎಸ್‌ಪಿ 6ರಲ್ಲಿ ಎಕ್ಸ್-ಎಕ್ಸ್ ಎಂದು ಹೆಸರು. ಉಕ್ಕಿನ ಕಟ್ಟಡಗಳ ಮಾನಕ ಐಎಸ್ 800ರ 2007ರ ಆವೃತ್ತಿಯಲ್ಲಿ ಅದೇ ಅಕ್ಷ ಝೆಡ್-ಝೆಡ್ ಆಯಿತು. ಎಕ್ಸ್ ತೊಲೆಯ ಉದ್ದಕ್ಕೆ ಹೋಯಿತು. ಹಳೆಯ ಪುಸ್ತಕದಿಂದ ಅಂಕಿ ತೆಗೆದು ಸಾಫ್ಟ್‌ವೇರಿನ ಹೊಸ ಕಿಟಕಿಯಲ್ಲಿ ತುಂಬುವವರು ಎರಡು ಸಲ ನೋಡಲಿ.

● ‘ಅಬಾಕಸ್’ ಸಾಫ್ಟ್‌ವೇರಿಗೆ ಮಿಲಿಮೀಟರ್, ಮೀಟರ್ ಎಂಬ ಭೇದವೇ ಇಲ್ಲ; ಅಂಕಿ ಕೊಟ್ಟರೆ ನುಂಗುತ್ತದೆ. ಬಿಗಿತವನ್ನು ನಿರ್ಧರಿಸುವ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ ಉದ್ದದ ಅಳತೆ ನಾಲ್ಕನೆಯ ಘಾತದಲ್ಲಿರುತ್ತದೆ. ಹಾಗಾಗಿ ಮೀಟರಿನ ಜಾಗದಲ್ಲಿ ಮಿ.ಮೀ. ಲೆಕ್ಕದ ಅಂಕಿ ಬಿದ್ದರೆ ವ್ಯತ್ಯಾಸ ಸಾವಿರ ಪಟ್ಟಲ್ಲ, ಒಂದು ಲಕ್ಷ ಕೋಟಿ ಪಟ್ಟು.

● ಕಾಂಕ್ರೀಟ್ ಬೀಮಿನ ಅಡ್ಡಛೇದ ಸರಿಯಾಗಿ ಕೊಟ್ಟರೂ ಕೆಲಸ ಮುಗಿಯಲಿಲ್ಲ. ಭೂಕಂಪದ ಅಲುಗಾಟದಲ್ಲಿ ಕಾಂಕ್ರೀಟ್ ಬಿರುಕು ಬಿಡುತ್ತದೆಂದು ಭೂಕಂಪ ಮಾನಕ ಐಎಸ್ 1893ರ 2016ರ ಆವೃತ್ತಿ ಬೀಮಿನ ಇನರ್ಷಿಯಾದಲ್ಲಿ ಶೇ. 35, ಪಿಲ್ಲರಿನದರಲ್ಲಿ ಶೇ. 70 ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲು ಹೇಳಿತು.

● ಒಂದು ಉಕ್ಕಿನ ಪೈಪು. ಗೋಡೆಯ ನಡುಗೆರೆಗೆ ತ್ರಿಜ್ಯ 50 ಮಿ.ಮೀ., ದಪ್ಪ 5 ಮಿ.ಮೀ. ಕಾಮಾಕ್ಷಿಪಾಳ್ಯದ ಯಾವುದಾದರೂ ವರ್ಕ್‌ಶಾಪಿನಲ್ಲಿ ಅದನ್ನು ಉದ್ದಕ್ಕೆ ಒಂದೇ ಒಂದು ಸೀಳು ಸೀಳಿಸಿ. ವಿಸ್ತೀರ್ಣ, ತೂಕ ಹೆಚ್ಚುಕಮ್ಮಿ ಮೊದಲಿನಷ್ಟೇ. ತಿರುಚುವಿಕೆಯನ್ನು ತಡೆಯುವ ಬಿಗಿತ ಮಾತ್ರ 300 ಪಟ್ಟು ಕುಸಿಯುತ್ತದೆ! ಮುಚ್ಚಿದ ಅಡ್ಡಛೇದಕ್ಕೂ ತೆರೆದದ್ದಕ್ಕೂ ಇರುವ ಅಂತರ ಇದು. ಸಾಫ್ಟ್‌ವೇರಿನಲ್ಲಿ ‘ಪೈಪ್’ ಆರಿಸಬೇಕಾದಲ್ಲಿ ಬರೀ ವಿಸ್ತೀರ್ಣ ತುಂಬಿ ತಿರುಚು ಸ್ಥಿರಾಂಕವನ್ನು ಅಂದಾಜಿನಲ್ಲಿ ಬರೆದರೆ ಏನಾದೀತು, ನೀವೇ ಊಹಿಸಿ.

● ನಮ್ಮ ಮೆಟ್ರೊದ ಮೊದಲ ಹಂತದ ಎತ್ತರಿಸಿದ ಮಾರ್ಗದಲ್ಲಿ ಟೊಳ್ಳು ಪೆಟ್ಟಿಗೆಯಾಕಾರದ ತೊಲೆಗಳಿರುವುದಕ್ಕೂ ಇದು ಒಂದು ಕಾರಣ. ಎರಡು ಹಳಿಮಾರ್ಗಗಳಲ್ಲಿ ಒಂದರ ಮೇಲೆ ಮಾತ್ರ ರೈಲು ಬಂದಾಗ, ತಿರುವಿನಲ್ಲಿ ಸಾಗುವಾಗ, ತೊಲೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳಲೂ ನೋಡುತ್ತದೆ. ಮುಚ್ಚಿದ ಪೆಟ್ಟಿಗೆ ಅದಕ್ಕೆ ಜಗ್ಗುವುದಿಲ್ಲ.

● ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ತೊಲೆಯ ಬಲವನ್ನು ಲೆಕ್ಕ ಹಾಕಿದ. ಎತ್ತರದ ವರ್ಗಕ್ಕೆ ತಕ್ಕಂತೆ ಬಲ ಏರುತ್ತದೆಂಬುದು ಸರಿಯಾಗಿಯೇ ಸಿಕ್ಕಿತು. ಒಟ್ಟು ಬಲ ಮಾತ್ರ ಮೂರು ಪಟ್ಟು ಹೆಚ್ಚಾಗಿ ಬಂತು.

● ಬೀಮ್ ಎಲಿಮೆಂಟಿನ ಒಂದು ಹಳೆಯ ಕಾಯಿಲೆ ‘ಲಾಕಿಂಗ್’. ತೊಲೆ ತೆಳ್ಳಗಾದಂತೆಲ್ಲ ಗಣಿತದಲ್ಲಿ ಅದು ಸುಳ್ಳುಸುಳ್ಳೇ ಬಿಗಿಯಾಗಿಬಿಡುತ್ತದೆ, ಬಾಗಬೇಕಾದಷ್ಟು ಬಾಗುವುದೇ ಇಲ್ಲ. ಇದರ ಮೂಲವನ್ನು ಕೆದಕಿ ವಿವರಿಸಿದವರಲ್ಲಿ ಪ್ರಮುಖರು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿದ್ದ ಗಂಗನ್ ಪ್ರತಾಪ್. ಜಿ.ಆರ್. ಭಾಷ್ಯಂ ಜೊತೆ ಅವರು ಬರೆದ ಪ್ರಬಂಧ ಬಂದದ್ದು 1982ರಲ್ಲಿ. ಭಾಷ್ಯಂ ಮುಂದೆ ‘ಆನ್ಸಿಸ್’ ಸಾಫ್ಟ್‌ವೇರ್ ಬೆಳೆಸಿದವರಲ್ಲಿ ಒಬ್ಬರಾದರು. ನಮ್ಮೂರಿನ ಈ ಕೊಡುಗೆ ನಮ್ಮ ವಿದ್ಯಾರ್ಥಿಗಳಿಗೇ ಹೆಚ್ಚು ಗೊತ್ತಿಲ್ಲದಿರುವುದು ವಿಚಿತ್ರ.

● ಗೆರೆಗೆ ಅಡ್ಡಛೇದ ಕೊಟ್ಟರೂ ಅದು ಯಾವ ಕಡೆ ಮುಖ ಮಾಡಬೇಕೆಂದು ಬೇರೆಯಾಗಿ ತಿಳಿಸಬೇಕು. ಸ್ಟಾಡ್‌ನಲ್ಲಿ ಬೀಟಾ ಕೋನ, ಆನ್ಸಿಸ್‌ನಲ್ಲಿ ಮೂರನೆಯ ಬಿಂದು, ಅಬಾಕಸ್‌ನಲ್ಲಿ ಒಂದು ದಿಕ್ಕಿನ ಸದಿಶ. ಐಎಸ್‌ಎಂಬಿ 300 ಎಂಬ ಸಾಮಾನ್ಯ ಉಕ್ಕಿನ ಗರ್ಡರನ್ನೇ ತೆಗೆದುಕೊಳ್ಳಿ. ಮೂರು ಮೀಟರ್ ಚಾಚಿಕೊಂಡ ಕ್ಯಾಂಟಿಲಿವರಿನ ತುದಿಗೆ 10 ಕಿಲೊನ್ಯೂಟನ್, ಅಂದರೆ ಸುಮಾರು ಒಂದು ಟನ್, ಭಾರ ತೂಗಿಸಿದರೆ ನೆಟ್ಟಗೆ ನಿಂತ ಗರ್ಡರ್ ಸುಮಾರು 5 ಮಿ.ಮೀ. ಇಳಿಯುತ್ತದೆ. ಬೀಟಾ 90 ಆಗಿ ಪಕ್ಕಕ್ಕೆ ಹೊರಳಿದ್ದರೆ ಸುಮಾರು 10 ಸೆಂ.ಮೀ.! ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ‘ರನ್’ ಒತ್ತುವ ಮುಂಚೆ 3ಡಿ ರೆಂಡರಿಂಗ್ ಆನ್ ಮಾಡಿ ತೊಲೆಗಳು ಸರಿಯಾಗಿ ನಿಂತಿವೆಯೇ ನೋಡಿ. ಹಾಗೆಯೇ ಇಂಥದೊಂದು ಕ್ಯಾಂಟಿಲಿವರನ್ನು ಕೈಲೆಕ್ಕ ಹಾಕಿ ಉತ್ತರ ತಾಳೆ ನೋಡಿ. ಹತ್ತು ನಿಮಿಷದ ಕೆಲಸ.