ಕೇಳುಗರ ಕಾಸಿನಲ್ಲಿ ನಡೆಯುವ ರೇಡಿಯೋ

ಸುದ್ದಿಗೆ ಕಾಸು ಕೊಡುವವರು ಯಾರು? ಜಾಹೀರಾತು ಕೊಡುವವರಾದರೆ ಅವರ ಮರ್ಜಿಯೇ ನಡೆಯುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ 1949ರ ಏಪ್ರಿಲ್‌ನಲ್ಲಿ ಶುರುವಾದ ಕೆಪಿಎಫ್‌ಎ ರೇಡಿಯೋ ಬೇರೆ ದಾರಿ ಹಿಡಿಯಿತು. ಯುದ್ಧಕ್ಕೆ ಹೋಗಲಾರೆ ಎಂದಿದ್ದ ಲೂಯಿಸ್ ಹಿಲ್ ಕಟ್ಟಿದ ಈ ಕೇಂದ್ರಕ್ಕೆ ಜಾಹೀರಾತಿಲ್ಲ, ಕೇಳುಗರ ಚಂದಾವೇ ಆಸರೆ. ಹಾಗಾಗಿ ವಿಯೆಟ್ನಾಂ ಯುದ್ಧ, ಕಪ್ಪು ಜನರ ಹಕ್ಕು, ಕಾರ್ಮಿಕರ ಕೂಲಿ ಎಲ್ಲದರ ಬಗ್ಗೆಯೂ ಅಂಜದೆ ಮಾತಾಡಿತು. 1996ರಲ್ಲಿ ಇದೇ ಪೆಸಿಫಿಕಾ ಬಳಗದಲ್ಲಿ ಹುಟ್ಟಿದ ‘ಡೆಮಾಕ್ರಸಿ ನೌ’ ಇರಾಕ್, ಫೆಲೆಸ್ತೀನ್ ಜನರ ಅಳಲನ್ನೂ ಕೇಳಿಸಿದೆ.

ನಮ್ಮ ಜಮಾಅತ್‌ಗಳಲ್ಲಿ ಮಸೀದಿ, ಮದ್ರಸ ನಡೆಯುವುದೂ ಮನೆಮನೆಯ ವಂತಿಗೆಯಿಂದಲೇ ಅಲ್ವಾ? ಬಂದ ಸುದ್ದಿಯನ್ನು ಮೊದಲು ಪರಿಶೀಲಿಸಬೇಕೆಂದು ಸೂರಃ ಹುಜುರಾತ್ ಕಲಿಸುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುವ ನಾವು, ನಿಜ ಹೇಳುವವರಿಗೆ ಒಂದು ಚಂದಾ ಕೊಟ್ಟಿದ್ದೇವಾ?