ಅಚ್ಚಿನೊಳಗಣ ಹರಿವು

ಭರಮಸಾಗರದಿಂದ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೆ ಬರುವವರಿಗೆ ದುರ್ಗದ ಸುತ್ತಣ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸಾಲುಸಾಲಾಗಿ ಕಾಣುವುವು. ಅವುಗಳ ರೆಕ್ಕೆಗಳು ಕಬ್ಬಿಣದವೆಂದು ಭಾವಿಸುವವರು ಅನೇಕರು. ಅವು ಗಾಜಿನ ನಾರಿನ ಬಟ್ಟೆಗೆ ರಾಳವನ್ನು ಕುಡಿಸಿ ಗಟ್ಟಿಮಾಡಿದವು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿಯೂ ಸುಮಾರು ಶೇಕಡ 45 ಭಾಗ ನಾರು-ರಾಳದ ವಸ್ತುವೇ ಆಗಿದೆ. ಇಷ್ಟು ದೊಡ್ಡ ಭಾರವನ್ನು ಹೊತ್ತಿರುವ ಈ ವಸ್ತುವಿನ ಬಲವು ಯಾವುದರಲ್ಲಿದೆ ಎಂಬುದನ್ನು ವಾಚಕರು ತಿಳಿಯುವುದು ಅವಶ್ಯಕವು.

ಗಾಳಿಯಂತ್ರದ ರೆಕ್ಕೆಯನ್ನು ಮಾಡುವ ಕ್ರಮವು ಹೀಗಿದೆ. ಅಚ್ಚಿನಲ್ಲಿ ಒಣ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆಯನ್ನು ಗಾಳಿಯಾಡದಂತೆ ಅಂಟಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರುವರು. ಆಗ ಹೊರಗಿನ ವಾಯುಭಾರವೇ ರಾಳವನ್ನು ಕೊಳವೆಯ ಮೂಲಕ ಒಳಕ್ಕೆ ನೂಕುವುದು. ರಾಳವು ಎಲ್ಲ ಎಳೆಗಳನ್ನೂ ನೆನೆಸಿ, ಬಳಿಕ ಗಟ್ಟಿಯಾಗಬೇಕು.

ಆದರೆ ರಾಳವೂ ನೀರಿನಂತೆ ಸುಲಭವಾದ ದಾರಿಯನ್ನೇ ಹಿಡಿಯುವುದು. ಭರಮಸಾಗರದ ಕೆರೆಯ ಕೆಳಗಿನ ರೈತನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಬದುವಿನ ಬುಡದಲ್ಲಿ ಸಂದಿದ್ದರೆ ನೀರು ಅಲ್ಲಿಯೇ ಓಡಿಹೋಗಿ, ಮಡಿಯ ನಡುವೆ ಒಣ ನೆಲ ಉಳಿಯುವುದು. ಅದಕ್ಕಾಗಿಯೇ ಅವನು ಗುದ್ದಲಿ ಹಿಡಿದು ನಿಂತು, ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಬಿಡುವನು. ಅಚ್ಚಿನ ಅಂಚಿನಲ್ಲಿ ಬಟ್ಟೆ ಸರಿಯಾಗಿ ಕೂಡದಿದ್ದರೆ ಇದೇ ಗತಿ. ರಾಳವು ಸುತ್ತುವರಿದು ಬಂದು, ನಡುವೆ ಒಣಭಾಗವನ್ನು ಸೆರೆಹಿಡಿಯುವುದು.

ಹರಿವಿನ ಲೆಕ್ಕವು ಹಳೆಯದು. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿಯವರು ಮರಳಿನಲ್ಲಿ ನೀರು ಇಂಗುವ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ಆ ನಿಯಮವೇ ನಾರಿನೊಳಗಣ ರಾಳಕ್ಕೂ ಅನ್ವಯಿಸುತ್ತದೆ. ಒತ್ತಡವು ಒಂದೇ ಆಗಿದ್ದು, ರಾಳವು ಒಂದೇ ಕೊನೆಯಿಂದ ಹರಿದರೆ, ದೂರವು ಎರಡರಷ್ಟಾದಾಗ ಕಾಲವು ನಾಲ್ಕರಷ್ಟಾಗುವುದು. ರಾಳವಾದರೋ ಕಾಯುವುದಿಲ್ಲ, ಗಳಿಗೆ ಗಳಿಗೆಗೂ ಮಂದವಾಗುತ್ತ ಹೋಗುವುದು. ಒಣಗಿದ ಭಾಗಕ್ಕೆ ಮತ್ತೆ ರಾಳವನ್ನು ಕುಡಿಸುವಂತಿಲ್ಲ.

ಆದುದರಿಂದ ಹರಿಯುವಾಗಲೇ ನೋಡಬೇಕು. ಗಾಜಿನ ನಾರು ನೆನೆದಲ್ಲಿ ಬಣ್ಣ ಬದಲಾಗುವುದರಿಂದ ಮೇಲುಪದರವು ಕಣ್ಣಿಗೆ ಕಾಣುವುದು. ಇಂಗಾಲದ ನಾರು ಕಪ್ಪಾದುದು. ದಪ್ಪನೆಯ ಭಾಗಗಳ ತಳವಂತೂ ಕಾಣುವುದೇ ಇಲ್ಲ. ಅಲ್ಲಿ ಅಚ್ಚಿನಲ್ಲಿಯೇ ಒತ್ತಡ ಮತ್ತು ಉಷ್ಣತೆಯನ್ನಳೆಯುವ ಉಪಕರಣಗಳನ್ನೂ, ರಾಳ ಮುಟ್ಟಿದೊಡನೆ ವಿದ್ಯುತ್ತಿನ ಬದಲಾವಣೆಯಿಂದ ಸೂಚನೆ ಕೊಡುವ ತಟ್ಟೆಗಳನ್ನೂ, ಬೆಳಕನ್ನು ಸಾಗಿಸುವ ಸಣ್ಣ ಗಾಜಿನೆಳೆಗಳನ್ನೂ ಇಡುವರು. ಸೂಚನೆ ಬಂದಂತೆ ಒಂದು ಕೊಳವೆಯನ್ನು ಮುಚ್ಚಿ ಇನ್ನೊಂದನ್ನು ತೆರೆಯಬಹುದು. ಇದು ರೈತನ ಗುದ್ದಲಿಯ ಕೆಲಸವೇ ಅಲ್ಲದೆ ಬೇರೆಯಲ್ಲ.

ಈ ವಿದ್ಯೆ ನಮ್ಮವರಿಗೆ ಪರಕೀಯವಾದುದೆಂದು ಯಾರೂ ಹೇಳಲಾರರು. 1959ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಸರಸ್ ವಿಮಾನದ ರೆಕ್ಕೆಗಾಗಿ 'ವೆರಿಟಿ' ಎಂಬ ಸ್ವಂತ ವಿಧಾನವನ್ನು ರೂಪಿಸಿದರು. ಅದರಲ್ಲಿ ನಿರ್ವಾತದಿಂದ ರಾಳವನ್ನು ತುಂಬಿ, ಗಟ್ಟಿಯಾಗುವಾಗ ಹೊರಗಿನಿಂದಲೂ ಒತ್ತಡ ಕೊಡುವರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವು ಕರಾವಳಿಯದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಪರದೇಶದ ಪುಸ್ತಕದ ಅಂಕಿಗಳನ್ನು ಹಾಗೆಯೇ ನಂಬದೆ ನಮ್ಮ ನೆಲದಲ್ಲಿಯೇ ಅಳೆಯಬೇಕೆಂಬುದಕ್ಕೆ ಇದೊಂದೇ ಸಾಕು.

ಸಿದ್ಧವಾದ ಮೇಲೆ ಪರೀಕ್ಷೆ ಮಾಡಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಆ ಪರೀಕ್ಷೆಯು ದೋಷವನ್ನು ತೋರಿಸೀತು, ತಿದ್ದಲಾರದು. ಹೊರಗೆ ನುಣುಪಾಗಿ ಹೊಳೆಯುವ ರೆಕ್ಕೆಯೊಳಗೆ ಒಣಭಾಗವುಳಿದರೆ, ಗಾಳಿಯಲ್ಲಿ ಲಕ್ಷಾಂತರ ಸಾರಿ ಬಾಗಿ ಬಾಗಿ ಪದರಗಳು ಅಲ್ಲಿಂದಲೇ ಬಿಡತೊಡಗುವುವು. ಕೆಳಗೆ ಕುರಿ ಕಾಯುವವನಿಗಾಗಲಿ, ಮೇಲೆ ವಿಮಾನ ನಡೆಸುವವನಿಗಾಗಲಿ ಅದರ ಸುಳಿವು ಸಿಕ್ಕದು.

ಯಂತ್ರವನ್ನು ಹಣ ಕೊಟ್ಟು ತರಿಸಬಹುದು. ನೋಡುವ ಕಣ್ಣನ್ನು ತರಿಸಲಾಗದು. ಸರ್ಕಾರದವರು ತಾವು ಕೊಳ್ಳುವ ಇಂಥ ಪ್ರತಿಯೊಂದು ಭಾಗದ ಜತೆಗೂ ಹರಿವಿನ ದಾಖಲೆಯನ್ನು ಕೇಳಬೇಕು. ಗಾಳಿಯಂತ್ರಗಳ ನಡುವೆಯೇ ಬೆಳೆಯುವ ಚಿತ್ರದುರ್ಗದ ತರುಣರಿಗೆ ಜಿಲ್ಲೆಯ ಪಾಲಿಟೆಕ್ನಿಕ್‌ಗಳಲ್ಲಿ ಈ ಕೆಲಸವನ್ನು ಕೈಯಿಂದ ಮಾಡಿಸಿ ಕಲಿಸಬೇಕು. ಬೆಟ್ಟವೂ ಗಾಳಿಯೂ ನಮ್ಮವಾಗಿರುವಾಗ, ರೆಕ್ಕೆಯ ಮರ್ಮವು ಮಾತ್ರ ಪರರದಾಗಿ ಉಳಿಯುವುದನ್ನು ನಾವು ಒಪ್ಪಲಾರೆವು.