ಕಡಿಮೆ ಓಡಿದ ಕಾರೇ ಬೇಗ ಕೆಡುತ್ತದೆ!

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಓಡೇತ್ರಿ?’ ಮೀಟರಿನಲ್ಲಿ ಸಂಖ್ಯೆ ಕಡಿಮೆ ಇದ್ದಷ್ಟೂ ಬೆಲೆ ಜಾಸ್ತಿ. ಆದರೆ ಹಳೆಯ ಎಂಜಿನ್ನಿನ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ. ದಿನವೂ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗಿಬರುವ ಬಾಡಿಗೆ ಕಾರಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಅದರ ಎಂಜಿನ್ ಒಳಗೆ ಸ್ವಚ್ಛವಾಗಿಯೇ ಇರುತ್ತದೆ. ಬೆಟಗೇರಿಯ ಮನೆಯಿಂದ ಗದಗ ಮಾರ್ಕೆಟ್‌ವರೆಗೆ ಮಾತ್ರ ಓಡಾಡುವ ಕಾರಿನ ಎಂಜಿನ್ನಿನಲ್ಲಿ ಕಪ್ಪು ಕೆಸರು ಕಟ್ಟಿರುತ್ತದೆ. ಮೆಕ್ಯಾನಿಕ್ ಭಾಷೆಯಲ್ಲಿ ಇದು ‘ಸ್ಲಡ್ಜ್’.

ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರು ಶೋಕಿಯ ವಸ್ತುವಲ್ಲ. ಓದು ಮುಗಿಸಿ ಕೆಲಸ ಸಿಗದ ಎಷ್ಟೋ ಹುಡುಗರು ಸಾಲ ಮಾಡಿ ಹಳೆಯ ಗಾಡಿ ಕೊಂಡು ದುಡಿಮೆಗೆ ಇಳಿಯುತ್ತಾರೆ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾದರೆ ಊರಿನ ಅದೇ ಒಂದು ಕಾರು ಗತಿ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕಟ್ಟಿ ಉಳಿಸಿಕೊಂಡ ಗಾಡಿಯ ಎಂಜಿನ್ ಸೀಜ್ ಆದರೆ ಬಿಚ್ಚಿ ಕಟ್ಟಿಸಲು ಹತ್ತಾರು ಸಾವಿರ ಬೇಕು. ಸಣ್ಣ ಪೆಟ್ರೋಲ್ ಕಾರಿಗೆ ಮಾಮೂಲಿ ಆಯಿಲ್, ಫಿಲ್ಟರ್ ಬದಲಿಸಲು ಎರಡು ಸಾವಿರವೂ ಬೇಡ.

ಕೆಸರು ಎಲ್ಲಿಂದ ಬರುತ್ತದೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ನಂಬುವುದು ಕಷ್ಟ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆವಿಯಾಗುತ್ತದೆ. ಅದರ ಬಹುಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ರಿಂಗ್ ಸವೆದ ಹಳೆಯ ಎಂಜಿನ್ನಿನಲ್ಲಿ ಇದು ಇನ್ನೂ ಜಾಸ್ತಿ. ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಶನ್ ಹೊಡಿತೈತಿ’ ಎನ್ನುವುದು ಇದಕ್ಕೇ.

ಕಾರು ಅರ್ಧ ಗಂಟೆ ಓಡಿದರೆ ಆಯಿಲ್ ಚೆನ್ನಾಗಿ ಕಾದು ಈ ನೀರು ಆವಿಯಾಗಿ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಹೋಗುವುದಿಲ್ಲ. ನೀರು, ಉರಿಯದ ಪೆಟ್ರೋಲ್, ಮಸಿ, ಆಮ್ಲ ಎಲ್ಲವೂ ಹಳತಾದ ಆಯಿಲ್ ಜೊತೆ ಬೆರೆತು ಗಟ್ಟಿಯಾಗುತ್ತವೆ. ಕೊಳೆಯನ್ನು ಕರಗಿಸಿ ಹಿಡಿದಿಡುವ ರಾಸಾಯನಿಕಗಳು ಆಯಿಲಿನಲ್ಲೇ ಇರುತ್ತವೆ, ಆದರೆ ಅವೂ ದಿನಕಳೆದಂತೆ ಖರ್ಚಾಗುತ್ತವೆ.

ಮುಂಡರಗಿಯ ಗ್ಯಾರೇಜೊಂದರಲ್ಲಿ ಎರಡು ಹಳೆಯ ಮಾರುತಿ 800 ಕಾರುಗಳ ಟ್ಯಾಪೆಟ್ ಕವರ್ ಬಿಚ್ಚಿದ್ದನ್ನು ಒಟ್ಟಿಗೇ ನೋಡಿದ್ದೆ. ಹೆಚ್ಚು ಓಡಿದ್ದು ಹೊಳೆಯುತ್ತಿತ್ತು, ಕಡಿಮೆ ಓಡಿದ್ದರಲ್ಲಿ ಬೆರಳಿಂದ ಬಾಚುವಷ್ಟು ಕೆಸರಿತ್ತು. ‘ದಿನಾ ಹೊಲಕ್ಕ ಹೋಗೋ ಎತ್ತು ಗಟ್ಟಿ ಇರ್ತಾವ ತಮ್ಮಾ, ಕಟ್ಟಿ ಹಾಕಿದ್ದೇ ಕೆಡ್ತಾವ’ ಎಂದರು ಮಿಸ್ತ್ರಿ. ತರಗತಿಯಲ್ಲಿ ಓದಿದ್ದು ಆಗ ಅರ್ಥವಾಯಿತು.

ಇದು ಹಳೆಯ ಕಾರುಗಳಿಗಷ್ಟೇ ಬರುವ ರೋಗವೂ ಅಲ್ಲ. ಟೊಯೊಟಾದಂಥ ಕಂಪನಿಯೇ 2002ರಲ್ಲಿ ಅಮೆರಿಕದಲ್ಲಿ 1997ರಿಂದ 2002ರ ನಡುವಿನ ಸುಮಾರು 33 ಲಕ್ಷ ಕಾರುಗಳಿಗೆ ಸ್ಲಡ್ಜ್ ತೊಂದರೆಯ ದುರಸ್ತಿ ಖರ್ಚು ಭರಿಸಲು ಒಪ್ಪಬೇಕಾಯಿತು.

ಗುರುತು ಹಿಡಿಯುವುದು ಹೇಗೆ?

ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಭಾಗ ನೋಡಿ. ಕೆನೆಯಂಥ ಬಿಳಿ ಪದರ ಇದ್ದರೆ ನೀರು ಸೇರಿದೆ ಎಂದರ್ಥ. ಜೊತೆಗೆ ರೇಡಿಯೇಟರಿನ ಕೂಲೆಂಟ್ ಸಹ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಬೇಕು. ಕಪ್ಪು ಜಿಗುಟು ಅಂಟಿದ್ದರೆ ಅದು ಸ್ಲಡ್ಜ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ ಸದ್ದು ಬಹಳ ಹೊತ್ತು ನಿಲ್ಲದಿದ್ದರೆ ಆಯಿಲ್ ಮೇಲಕ್ಕೆ ಏರುತ್ತಿಲ್ಲ ಎಂಬ ಅನುಮಾನ ಬರಬೇಕು. ಓಡಿಸುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ‘ಊರು ಮುಟ್ಟಿ ನೋಡೋಣ’ ಎನ್ನದೆ ಅಲ್ಲೇ ಎಂಜಿನ್ ಬಂದ್ ಮಾಡಿ. ಬರೀ ಆಯಿಲ್ ಕಪ್ಪಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಸಹ ಬೇಗ ಕಪ್ಪಾಗುತ್ತದೆ.

ಏನು ಮಾಡಬೇಕು?

* ಕಿಲೋಮೀಟರ್ ಜೊತೆ ತಿಂಗಳನ್ನೂ ಎಣಿಸಿ. ಊರೊಳಗೇ ಓಡುವ ಹಳೆಯ ಕಾರಿಗೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಪ್ರತಿ ಸಲವೂ ಫಿಲ್ಟರ್ ಬದಲಿಸಿ. ಟಾಪ್ ಅಪ್ ಮಾಡಿದರೆ ಆಯಿಲ್ ಬದಲಿಸಿದಂತೆ ಆಗುವುದಿಲ್ಲ.
* ವಾರಕ್ಕೊಮ್ಮೆ ಉದ್ದ ಓಡಿಸಿ. ಗದಗಿನಿಂದ ಶಿರಹಟ್ಟಿಗೆ ಹೋಗಿಬಂದರೂ ಸಾಕು. ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು.
* ಬೇಸಿಗೆಯ ಬಿಸಿಲಿಗೆ ಹೆದರಿ ಥರ್ಮೋಸ್ಟಾಟ್ ವಾಲ್ವ್ ಕಿತ್ತುಹಾಕಿಸಬೇಡಿ. ಎಂಜಿನ್ ಸರಿಯಾಗಿ ಕಾಯದೆ ಕೆಸರು ಹೆಚ್ಚುತ್ತದೆ. ಬಿಸಿಯಾಗುವ ಗಾಡಿಗೆ ರೇಡಿಯೇಟರ್, ಫ್ಯಾನ್, ಕೂಲೆಂಟ್ ಪರೀಕ್ಷಿಸುವುದೇ ಮದ್ದು.
* ಎಂಜಿನ್ನಿನ ಆವಿ ಹೊರಗೆಳೆಯುವ ಬ್ರೀದರ್ ಪೈಪ್, ಪಿಸಿವಿ ವಾಲ್ವ್ ಕಟ್ಟಿಕೊಂಡಿವೆಯೇ ನೋಡಿಸಿ. ಎರಿ ಮಣ್ಣಿನ ಧೂಳಿನ ದಾರಿಯಲ್ಲಿ ಓಡಿಸುವವರು ಏರ್ ಫಿಲ್ಟರನ್ನೂ ಮರೆಯಬಾರದು.
* ಕೆಸರು ಈಗಾಗಲೇ ತುಂಬಿದ್ದರೆ ಫ್ಲಶ್ ದ್ರಾವಣ ಸುರಿಯುವ ಆತುರ ಬೇಡ. ಒಮ್ಮೆಲೇ ಕಳಚಿದ ತುಣುಕುಗಳು ಚೇಂಬರಿನ ಜಾಲರಿಗೆ ಅಡ್ಡಬಿದ್ದರೆ ಆಯಿಲ್ ಹರಿವೇ ನಿಲ್ಲುತ್ತದೆ. ಚೇಂಬರ್ ಇಳಿಸಿ ಜಾಲರಿ ತೊಳೆಸಿ, ಬಳಿಕ ಒಂದೆರಡು ಸಲ ಬೇಗ ಬೇಗ ಆಯಿಲ್ ಬದಲಿಸುವುದು ಕ್ಷೇಮ.

ಡಬ್ಬಿ ಓದಲು ಕಲಿಯಿರಿ

‘20ಡಬ್ಲ್ಯು-40’ ಎಂಬುದರಲ್ಲಿ ಡಬ್ಲ್ಯು ಎಂದರೆ ವಿಂಟರ್. ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಹರಿಯುವ ಗುಣ ತಿಳಿಸಿದರೆ ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಇರುತ್ತದೆ ಎಂಬುದನ್ನು ಹೇಳುತ್ತದೆ. ಯಾವುದು ಹಾಕಬೇಕೆಂದು ಕಾರಿನ ಕೈಪಿಡಿಯಲ್ಲೇ ಇರುತ್ತದೆ. ಎಪಿಐ ಗುರುತಿನಲ್ಲಿ ‘ಎಸ್’ ಇದ್ದರೆ ಪೆಟ್ರೋಲಿಗೆ, ‘ಸಿ’ ಇದ್ದರೆ ಡೀಸೆಲ್‌ಗೆ. 2010ರ ಎಸ್‌ಎನ್‌ಗಿಂತ 2020ರ ಎಸ್‌ಪಿ ಹೊಸದು. ಹೊಸ ದರ್ಜೆಯನ್ನು ಹಳೆಯ ಕಾರಿಗೂ ಹಾಕಬಹುದು.

ಮುಂದಿನ ಸಲ ಹಳೆಯ ಕಾರು ನೋಡಲು ಹೋದಾಗ ‘ಎಷ್ಟು ಓಡೇತ್ರಿ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಆಯಿಲ್ ಯಾವಾಗ ಬದಲಿ ಮಾಡೀರಿ? ಬಿಲ್ ಐತೇನ್ರಿ?’ ಎಂದೂ ಕೇಳಿ, ಮುಚ್ಚಳ ತೆಗೆದು ನೋಡಿ. ಸಾಲದ ಕಂತು ಕಟ್ಟುವುದು ನೀವೇ ತಾನೆ.